ಕೆರೆದಷ್ಟೂ ಕಪ್ಪಾದ ಮುಖ

ನಮ್ಮ ನಾಪೊಲಿ ಪಟ್ಟಣದ ಜನ ನಗಿಸುವವನನ್ನು ಹೊತ್ತು ಮೆರೆಸುತ್ತಾರೆ, ಅವನು ಮುಖವಾಡ ತೆಗೆಯುವವರೆಗೆ. ತೆಗೆದ ಮೇಲೆ ಅವನಿಗೆ ಹೆಣ್ಣು ಕೊಡುವುದಿಲ್ಲ, ಬಾಡಿಗೆಗೆ ಕೋಣೆ ಕೊಡುವುದಿಲ್ಲ, ಸತ್ತರೆ ಇಗರ್ಜಿಯ ಅಂಗಳದಲ್ಲಿ ಹಿಡಿ ಮಣ್ಣು ಕೊಡುವುದಿಲ್ಲ. ಬದುಕಿದ್ದಾಗ ಹೊಟ್ಟೆ ಹಿಡಿದುಕೊಂಡು ನಕ್ಕ ಪಾದ್ರಿಯೇ ಹೆಣ ಬಂದಾಗ ಬಾಗಿಲು ಹಾಕಿಕೊಳ್ಳುತ್ತಾನೆ. ನೆನೆದರೆ ಈಗಲೂ ನನ್ನ ಹಲ್ಲು ಕಟಕಟ ಅನ್ನುತ್ತವೆ.

ಅದಕ್ಕೇ ನಾನು ಇಬ್ಬರಾಗಿ ಬದುಕುತ್ತಿದ್ದೆ. ಕೋಟೆಯ ಮುಂದಿನ ಬಯಲಿನಲ್ಲಿ, ಪೀಪಾಯಿಗಳ ಮೇಲೆ ಹಲಗೆ ಹಾಸಿದ ಅಟ್ಟದ ಮೇಲೆ ನಾನು ಕ್ರಕ್ಕೊ. ಕೊಕ್ಕಿನಂಥ ಮೂಗಿನ ಚರ್ಮದ ಮುಖವಾಡ, ಇಬ್ಬರು ಹೊಕ್ಕರೂ ಸಡಿಲವಾಗುವ ಬಿಳಿ ಚಲ್ಲಣ, ಆಟದಲ್ಲಿ ಭೂಕಂಪ ಕಪ್ತಾನ ಎಂಬವನ ಆಳು, ಅವನಿಂದ ಒದೆ ತಿನ್ನುವುದೇ ಕೆಲಸ. ಅಟ್ಟ ಇಳಿದು ಮುಖವಾಡವನ್ನು ಚೀಲಕ್ಕೆ ತುರುಕಿದರೆ ನಾನು ಟಿಟ್ಟ, ಬಂದರಿನಲ್ಲಿ ಹಡಗುಗಳಿಗೆ ಹಗ್ಗ ಹೊಸೆಯುವವನು. ಆ ಹಗ್ಗದ ಸುಳ್ಳನ್ನು ಹೊಸೆದವಳು ನಾನು ಮದುವೆಯಾಗಬೇಕೆಂದಿದ್ದ ಕರ್ಮೊಸೀನಾ.

ಕರ್ಮೊಸೀನಾಳ ಅಪ್ಪ ವಸ್ತಿಯಾನೊ ಬಯಲಿಗೆ ಅಂಟಿದ ಓಣಿಯ ಮೂಲೆಯಲ್ಲಿ ಬೋಟಿ ಅಂಗಡಿ ಇಟ್ಟಿದ್ದ. ಹಸುವಿನ ಹೊಟ್ಟೆಯೊಳಗೆ ಏನೇನು ಇರುತ್ತದೋ ಅದೆಲ್ಲ ಅವನ ಹಂಡೆಯಲ್ಲಿ ಕುದಿಯುತ್ತಿತ್ತು. ಮಗಳು ಅದನ್ನು ಕತ್ತರಿಸಿ, ಉಪ್ಪು ಎಸೆದು, ನಿಂಬೆ ಹಿಂಡಿ ಎಲೆಯಲ್ಲಿ ಕೊಡುತ್ತಿದ್ದಳು. ವಸ್ತಿಯಾನೊ ಮರ್ಯಾದಸ್ತ. ಬಡವರ ಹೆಣ ಹೊರುವ ಧರ್ಮಸಂಘದ ಸದಸ್ಯ. ಆ ಸಂಘದವರು ಹೆಣ ಹೊರುವಾಗ ಕಣ್ಣಿಗೆ ಎರಡು ತೂತು ಬಿಟ್ಟು ತಲೆಯಿಂದ ಎದೆಯವರೆಗೆ ಬಿಳಿ ಬಟ್ಟೆ ಇಳಿಬಿಟ್ಟುಕೊಳ್ಳುತ್ತಾರೆ. ಅವರು ಮುಖ ಮುಚ್ಚಿದರೆ ಪುಣ್ಯ, ನಾವು ಮುಚ್ಚಿದರೆ ಪಾಪ. ಆಟದವನು ಅಂದರೆ ಕಳ್ಳನಿಗಿಂತ ಒಂದು ಮೆಟ್ಟಿಲು ಕೆಳಗೆ, ಕಳ್ಳನಿಗಾದರೂ ಮುಖ ಮುಚ್ಚಿಕೊಳ್ಳಲು ಕಾರಣ ಇರುತ್ತದೆ ಎಂದು ವಸ್ತಿಯಾನೊ ಗಿರಾಕಿಗಳಿಗೆ ಹೇಳುತ್ತಿದ್ದ. ನಾನು ಎದುರಿಗೆ ನಿಂತು ಬೋಟಿ ಅಗಿಯುತ್ತ ಹೌದು ಯಜಮಾನ್ರೆ ಅನ್ನುತ್ತಿದ್ದೆ.

ಹೇಗೋ ಮದುವೆಯ ಮಾತು ಮುಂದುವರಿದಿತ್ತು. ಹಬ್ಬದ ಭಾನುವಾರ ಪೂಜೆ ಮುಗಿದ ಮೇಲೆ ಸಂಘದ ಹಿರಿಯರು ಅಂಗಡಿಯಲ್ಲಿ ಸೇರುವುದು, ಅವರ ಎದುರು ವಸ್ತಿಯಾನೊ ನನಗೆ ಮಗಳನ್ನು ಕೊಡುವ ಮಾತಾಡುವುದು ಎಂದಾಗಿತ್ತು. ಅಲ್ಲಿಯವರೆಗೆ ನನ್ನ ಮುಖ ಅಟ್ಟದ ಹತ್ತಿರ ಯಾರಿಗೂ ಕಾಣಬಾರದು, ಅಷ್ಟೇ.

ಆಗ ಉತ್ತರದ ಫಿರೆಂಜೆ ಪಟ್ಟಣದಿಂದ ಲಾಪೊ ಮೇಸ್ತ್ರಿ ಬಂದು ವಕ್ಕರಿಸಿದ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು ಕಾಗದಕ್ಕೆ ಅಚ್ಚು ಹಾಕಿ ಮಾರುವವನು. ಮೂಗಿನಲ್ಲಿ ಮಾತಾಡುವ, ಕಡ್ಡಿಯಂಥ ಮನುಷ್ಯ. ಕಾರಂಜಿಯ ಕಟ್ಟೆಯ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಬರೆದುಕೊಳ್ಳುತ್ತಿದ್ದ. ನಮ್ಮ ಆಟ ಮಾತ್ರವಲ್ಲ, ಬಯಲಿನಲ್ಲಿದ್ದದ್ದೆಲ್ಲ ಅವನಿಗೆ ಬೇಕಿತ್ತು. ಮಗುವಿನ ತಲೆಯಲ್ಲಿ ಹೇನು ಹೆಕ್ಕುವ ತಾಯಿ, ಸ್ಪೇನಿನ ಸಿಪಾಯಿಯ ಜೇಬಿಗೆ ಕೈ ಇಳಿಸಿದವನು, ಆ ಕೈ ಇಳಿಸಿದವನ ಕಾಲಿಗೆ ಉಚ್ಚೆ ಹೊಯ್ಯುವ ನಾಯಿ.

ಸುದ್ದಿ ತಂದವನು ಚೊಮ್ಮೊ. ನಮ್ಮ ಮೇಳದಲ್ಲಿ ಭೂಕಂಪ ಕಪ್ತಾನನ ಪಾತ್ರ ಮಾಡುವವನು. ಅಟ್ಟದ ಮೇಲೆ ನನ್ನನ್ನು ಒದೆಯುವುದು ಸಾಲದೆ ಕೆಳಗೂ ಒದೆಯಲು ದಾರಿ ಹುಡುಕುತ್ತಿದ್ದ.

"ಲೇ ಟಿಟ್ಟ, ನಿನ್ನ ಮದುವೆಗೆ ಮೇಸ್ತ್ರಿ ನಿನ್ನ ಮುಖಾನೇ ಉಡುಗೊರೆ ಕೊಡ್ತಾನಂತೆ ಕಣೋ," ಅಂದ. "ಅಟ್ಟದ ಹಿಂದೆ ನಿಂತು ಕೋಸಿನ ದಂಟು ಕಡೀತಿದ್ದಲ್ಲ, ಮುಖವಾಡ ಹಣೆ ಮೇಲಕ್ಕೆ ಸರಿಸ್ಕೊಂಡು? ಗದ್ದದ ನರೂಲಿ ಸಮೇತ ಬರ್ದಿದಾನೆ. ಊರಿಗೆಲ್ಲ ಹಂಚ್ತಾನೆ."

ನಾನು ಗದ್ದದ ನರೂಲಿಯನ್ನು ಅಂಗೈಯಿಂದ ಮುಚ್ಚಿಕೊಂಡೆ.

ಮಧ್ಯಾಹ್ನ ಊರೆಲ್ಲ ಕಿಟಕಿ ಮುಚ್ಚಿ ಮಲಗಿದ್ದಾಗ ನಾನು ಲಾಪೊ ಮೇಸ್ತ್ರಿ ಬಾಡಿಗೆಗೆ ಹಿಡಿದಿದ್ದ ಮಾಳಿಗೆ ಕೋಣೆಗೆ ಹತ್ತಿದೆ. ತಗಡು ಮೇಜಿನ ಮೇಲಿತ್ತು. ಮೇಲೆಲ್ಲ ಅರಗು ಬಳಿದು, ಮೇಣದಬತ್ತಿಯ ಹೊಗೆ ಹಿಡಿದು ಕಪ್ಪಾಗಿಸಿದ್ದ. ಆ ಕಪ್ಪಿನಲ್ಲಿ ಸೂಜಿ ಗೀರಿದಲ್ಲೆಲ್ಲ ಕೆಳಗಿನ ತಾಮ್ರ ಮಿಣಮಿಣ ಹೊಳೆಯುತ್ತಿತ್ತು. ಬಯಲು ಇತ್ತು, ನಾಯಿ ಇತ್ತು, ಭೂಕಂಪ ಕಪ್ತಾನ ಇದ್ದ. ಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ ನಾನೂ ಇದ್ದೆ. ಒಂದು ಕೈಯಲ್ಲಿ ದಂಟು, ಇನ್ನೊಂದು ಕೈ ಕಂಕುಳು ಕೆರೆಯುತ್ತಿದೆ, ಒಂದು ಕಾಲು ಇನ್ನೊಂದು ಕಾಲಿನ ಮೀನಖಂಡ ಕೆರೆಯುತ್ತಿದೆ. ಮುಖ ಥೇಟ್ ನನ್ನದೇ. ನಮ್ಮಮ್ಮ ಕೂಡ ನನ್ನನ್ನು ಅಷ್ಟು ಸರಿಯಾಗಿ ನೋಡಿರಲಿಲ್ಲ.

ಅಳಿಸು ಎಂದು ಬೇಡಿಕೊಂಡೆ. ಮದುವೆಯ ವಿಷಯ ಹೇಳಿದೆ. ಬೋಟಿಯ ವಿಷಯ ಹೇಳಿದೆ. ನಾಳೆಯಿಂದ ನಿನ್ನ ನೀರು ಹೊರುತ್ತೇನೆ ಅಂದೆ. ಆಮೇಲೆ ಕೋಪ ಬಂದು, ನಿಮ್ಮೂರಿನವರಿಗೆ ಇನ್ನೊಬ್ಬರ ಮುಖ ಕದಿಯುವುದೇ ಕಸುಬಾ ಎಂದೂ ಕೇಳಿದೆ. ಲಾಪೊ ಸೂಜಿ ಒರೆಸುತ್ತ ಎಲ್ಲ ಕೇಳಿಸಿಕೊಂಡ.

"ನೋಡಪ್ಪಾ ತಮ್ಮಾ," ಅಂದ. "ಈ ತಗಡಲ್ಲಿ ಇಷ್ಟೊಂದು ಜನ ಇದಾರೆ. ಮುಖ ಅಂತ ಇರೋದು ನಿನ್ನೊಬ್ಬಂಗೇ. ಅದನ್ನ ತೆಗೆದ್ರೆ ಉಳಿಯೋದು ಬರೀ ಟೋಪಿಗಳು."

ಅಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಇಬ್ಬರು ಹೆಂಗಸರು ಒಂದು ಬಕೆಟಿನ ವಿಷಯಕ್ಕೆ ಜುಟ್ಟು ಹಿಡಿದುಕೊಂಡರು. ಲಾಪೊನ ಕಿವಿ ನಿಮಿರಿತು. ಕಾಗದ ಬಾಚಿಕೊಂಡು, ನನ್ನನ್ನು ಮರೆತು, ಮೆಟ್ಟಿಲು ಇಳಿದು ಓಡಿದ. ಜಗಳ ಅಂದರೆ ಅವನಿಗೆ ಹೆಂಡ ಇದ್ದ ಹಾಗೆ.

ನಾನು, ಸೂಜಿ, ತಗಡು. ಇನ್ನೇನು ಬೇಕು?

ನಮ್ಮೂರಿನ ಗೋಡೆಗಳ ಮೇಲೆ ದೊಡ್ಡವರ ಹೆಸರಿನ ಮುಂದೆ ಯಾರಾದರೂ ಕೆಟ್ಟ ಮಾತು ಬರೆದರೆ ಕಾವಲಿನವರು ಬಂದು ಮೊಳೆಯಿಂದ ಕೆರೆದು ಹಾಕುತ್ತಾರೆ. ಕೆರೆದರೆ ಹೋಯಿತು. ನನಗೆ ಗೊತ್ತಿದ್ದ ಅಳಿಸುವ ವಿದ್ಯೆ ಅದೊಂದೇ. ಸೂಜಿ ಹಿಡಿದು ನನ್ನ ಮುಖವನ್ನು ಕೆರೆದೆ. ಅಡ್ಡ ಕೆರೆದೆ, ಉದ್ದ ಕೆರೆದೆ. ನರೂಲಿಯನ್ನು ಬೈದುಕೊಂಡು ಕೆರೆದೆ, ಚೊಮ್ಮೊನನ್ನು ನೆನೆದು ಕೆರೆದೆ, ಸಂಘದ ಹಿರಿಯರನ್ನು ಒಬ್ಬೊಬ್ಬರಾಗಿ ನೆನೆದು ಕೆರೆದೆ. ಕೆನ್ನೆ ಹೋಯಿತು, ಬಾಯಿ ಹೋಯಿತು, ಕುತ್ತಿಗೆ, ಭುಜ ಎಲ್ಲ ಹೋದವು. ಒಂದು ಕಣ್ಣು ಉಳಿದಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಕಣ್ಣಿನಿಂದ ಯಾರು ಯಾರನ್ನು ಗುರುತು ಹಿಡಿಯುತ್ತಾರೆ ಅಂದುಕೊಂಡು ಚಾವಣಿಯ ಕಿಂಡಿಯಿಂದ ಹಾರಿ ಹೆಂಚುಗಳ ಮೇಲೆ ಓಡಿದೆ. ಆ ಸಂಜೆ ಅಟ್ಟದ ಮೇಲೆ ಒದೆಗಳನ್ನು ಸಿಹಿಯಂತೆ ತಿಂದೆ.

ಹಬ್ಬಕ್ಕೆ ಮುಂಚೆ ಅಚ್ಚು ಬಂತು. ಇಗರ್ಜಿಯ ಮೆಟ್ಟಿಲ ಹತ್ತಿರ ಸಂತರ ಪಟ ಮಾರುವವನು ಅದನ್ನು ಹಗ್ಗಕ್ಕೆ ನೇತುಹಾಕಿದ್ದ. ಸುತ್ತ ಜನ. ನುಗ್ಗಿ ನೋಡಿದೆ. ಬಯಲು ಇತ್ತು, ನಾಯಿ ಇತ್ತು. ಮೂಲೆಯಲ್ಲಿ, ನಾನು ಅಳಿಸಿ ಬಂದ ಜಾಗದಲ್ಲಿ, ಕಾಡಿನಿಂದ ಆಗತಾನೆ ಇಳಿದಂಥ ಒಂದು ಪ್ರಾಣಿ ನಿಂತಿತ್ತು. ತಲೆಯಿಂದ ಭುಜದವರೆಗೆ ಕರೀ ರೋಮ, ಮುಳ್ಳಿನಂತೆ ಸೆಟೆದು ನಿಂತ ರೋಮ. ನಡುವೆ ಒಂದೇ ಒಂದು ಬಿಳಿ ಕಣ್ಣು. ಕೈಯಲ್ಲಿ ಕೋಸಿನ ದಂಟು. ಇಡೀ ಹಾಳೆಯಲ್ಲಿ ಅದಕ್ಕಿಂತ ಕಪ್ಪಾದದ್ದು ಬೇರೇನೂ ಇರಲಿಲ್ಲ. ಬೀದಿಯ ಆಚೆ ನಿಂತವನಿಗೂ ಮೊದಲು ಕಾಣುತ್ತಿದ್ದದ್ದು ಅದೇ.

ಲಾಪೊ ಪಕ್ಕದಲ್ಲೇ ನಿಂತಿದ್ದ. ಬೈಯುತ್ತಾನೆ ಎಂದು ಮುಷ್ಟಿ ಬಿಗಿ ಹಿಡಿದೆ. ಅವನು ನನ್ನ ಹೆಗಲ ಮೇಲೆ ಕೈ ಹಾಕಿದ.

"ಅರಗು ಕೆರೆದ್ರೆ ತಾಮ್ರ ಬಾಯ್ಬಿಡುತ್ತೆ ಕಣಯ್ಯಾ," ಅಂದ. "ಮೇಲೆ ಸುಡುನೀರು, ಅದೇ ಲೋಹ ತಿನ್ನೋ ಆಮ್ಲ, ಹುಯ್ದಾಗ ಅದು ಬಾಯ್ಬಿಟ್ಟಲ್ಲೆಲ್ಲ ತಾಮ್ರ ತಿನ್ನುತ್ತೆ. ತಿಂದ ಗುಂಡೀಲೇ ಮಸಿ ನಿಲ್ಲೋದು. ನೀನು ಕೆರೆದಷ್ಟೂ ಕಪ್ಪು. ನೋಡ್ದೆ, ಅರಗು ಬಳಿದು ಮುಚ್ಚಿಬಿಡೋಣ ಅಂದ್ಕೊಂಡೆ, ಮನಸ್ಸಾಗ್ಲಿಲ್ಲ. ಇನ್ನೊಂದು ಸಲ ಸುಡುನೀರು ಕುಡಿಸ್ದೆ. ಅಷ್ಟು ಕೋಪ ನನ್ನ ಕೈಯಿಂದ ಯಾವತ್ತೂ ಬಂದಿಲ್ಲ."

ಗುಟ್ಟು ಉಳಿದಿತ್ತಲ್ಲ, ಅಷ್ಟು ಸಾಕು. ಆ ರೋಮದ ರಾಶಿಯಲ್ಲಿ ಟಿಟ್ಟನನ್ನು ದೇವರೂ ಗುರುತು ಹಿಡಿಯುವಂತಿರಲಿಲ್ಲ.

ಆದರೆ ನಾಪೊಲಿಗೆ ಹುಚ್ಚು ಹಿಡಿಯಿತು. ಆ ಕೂದಲ ಪ್ರಾಣಿಗೆ ರೋಮದವನು ಎಂದು ಹೆಸರು ಬಿತ್ತು, ಊರೆಲ್ಲ ಅದೇ ಮಾತು. ದೃಷ್ಟಿ ತಾಗದಿರಲೆಂದು ಹೆಂಗಸರು ಅವನನ್ನು ತೊಟ್ಟಿಲ ಮೇಲೆ ಅಂಟಿಸಿದರು. ಊಟ ಮಾಡದ ಮಕ್ಕಳನ್ನು ಅವನ ಹೆಸರು ಹೇಳಿ ಹೆದರಿಸಿದರು, ಮಕ್ಕಳು ಹೆದರುವುದು ಬಿಟ್ಟು ಅವನೇ ಬೇಕೆಂದು ಅತ್ತವು. ಸಿಪಾಯಿಗಳು ಅವನ ಹಾಗೆ ಒಂಟಿಕಾಲಲ್ಲಿ ನಿಂತು ಮೀನಖಂಡ ಕೆರೆದುಕೊಂಡು ಪಂದ್ಯ ಕಟ್ಟಿದರು. ನಮ್ಮ ಆಟದ ನಡುವೆ ಜನ ರೋಮದವನನ್ನು ಕಳಿಸಿ ಎಂದು ಕೋಸು ಎಸೆದರು. ನಾನು ಕ್ರಕ್ಕೊ ಆಗಿ ಅಲ್ಲೇ ನಿಂತಿದ್ದೆ. ನಾನೇ ಕಣ್ರೋ ಎಂದು ಕಿರುಚಬೇಕು ಅನಿಸುತ್ತಿತ್ತು. ನಾಲಗೆ ಕಚ್ಚಿಕೊಂಡು ಒದೆ ತಿಂದೆ.

ಮಾರನೆಯ ದಿನ ಚೊಮ್ಮೊ ಮೈಮೇಲೆ ಮೇಕೆ ಚರ್ಮ ಹೊದ್ದು, ಒಂದು ಕಣ್ಣಿಗೆ ಸುಣ್ಣ ಬಳಿದುಕೊಂಡು ಅಟ್ಟ ಹತ್ತಿದ. ಆ ಚಿತ್ರ ತನ್ನದೇ, ಮೇಸ್ತ್ರಿ ತನ್ನನ್ನು ಕೂರಿಸಿಕೊಂಡು ಬರೆದ ಎಂದು ಸಾರಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕಾರಂಜಿ ಸುತ್ತಿಸಿದರು. ಮೇಕೆಯ ನಾತ ಬಯಲನ್ನೆಲ್ಲ ತುಂಬಿತು. ನಾನು ಹೊಟ್ಟೆಕಿಚ್ಚಿನಿಂದ ಕುದಿಯುತ್ತ ಕರ್ಮೊಸೀನಾಳ ಹತ್ತಿರ ಹೋದೆ. ಅವಳು ನಿಂಬೆ ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಭಾನುವಾರದವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರು," ಅಂದಳು. "ಹಗ್ಗದವನು ಅಂದಿದೀನಿ, ಹಗ್ಗ ಇದ್ದ ಹಾಗೆ ಬಿದ್ದಿರು. ಹಗ್ಗ ಯಾವತ್ತಾದ್ರೂ ಹೊಗಳಿಸ್ಕೊಳಕ್ಕೆ ಹೋಗುತ್ತಾ?"

ಭಾನುವಾರ ಬಂತು. ನಾನು ತಲೆಗೆ ಎಣ್ಣೆ ಹಚ್ಚಿ, ಬೇರೆಯವನ ಅಂಗಿ ತೊಟ್ಟು, ಅಂಗಡಿಗೆ ಹೋದೆ. ಹೋದವನು ಬಾಗಿಲಲ್ಲೇ ನಿಂತೆ. ಹಂಡೆಯ ಮೇಲಿನ ಗೋಡೆಯಲ್ಲಿ, ಸಂತನ ಪಟದ ಪಕ್ಕ, ಆ ಅಚ್ಚು. ವಸ್ತಿಯಾನೊನೂ ತಂದು ಅಂಟಿಸಿದ್ದ. ದೃಷ್ಟಿಗೆ ಒಳ್ಳೆಯದಂತೆ. ಬೆಂಚಿನ ಮೇಲೆ ಸಂಘದ ಹಿರಿಯರು ಸಾಲಾಗಿ ಕೂತಿದ್ದರು, ಇಸ್ತ್ರಿ ಮಾಡಿದ ಮುಖಗಳು. ಅವರ ನಡುವೆ ಮೇಕೆ ಚರ್ಮದಲ್ಲಿ ಚೊಮ್ಮೊ. ಪುಕ್ಕಟೆ ಬೋಟಿ ಹೊಡೆಯುತ್ತಿದ್ದ.

ಆಟದವರ ನೆರಳು ಕಂಡರೆ ಉಗುಳುತ್ತಿದ್ದ ವಸ್ತಿಯಾನೊ ಅವನಿಗೆ ತಾನೇ ನಿಂಬೆ ಹಿಂಡುತ್ತಿದ್ದ. ಇವನು ಆಟದವನಲ್ಲಪ್ಪ, ರೋಮದವನು, ಇವನ ಕಣ್ಣು ಅಂಗಡಿಯ ಮೇಲಿದ್ದರೆ ಯಾವ ಕೆಟ್ಟದ್ದೂ ಒಳಗೆ ಬರಲ್ಲ ಎಂದು ಹಿರಿಯರಿಗೆ ವಿವರಿಸುತ್ತಿದ್ದ. ನೋಡಿ, ಇದು ಇವರ ನ್ಯಾಯ. ನನ್ನ ಮುಖ ಗೋಡೆಯ ಮೇಲಿದ್ದರೆ ಕಾಯುವ ದೇವತೆ, ಬಾಗಿಲಲ್ಲಿ ನಿಂತರೆ ಕಳ್ಳನಿಗಿಂತ ಕೀಳು. ನನ್ನ ಕಿವಿ ಬಿಸಿಯಾಯಿತು. ಹಂಡೆಯ ಹಿಂದಿನಿಂದ ಕರ್ಮೊಸೀನಾ ಚಾಕು ಎತ್ತಿ ತನ್ನ ತುಟಿಗೆ ಅಡ್ಡ ಹಿಡಿದು ತೋರಿಸಿದಳು. ಸುಮ್ಮನೆ ಕೂತೆ.

ವಸ್ತಿಯಾನೊ ಕೈ ಒರೆಸಿಕೊಂಡು ಮಾತು ಶುರು ಮಾಡಿದ. ಈ ಹುಡುಗ ಟಿಟ್ಟ, ಕೈಕಸುಬಿನವನು, ಸದ್ದಿಲ್ಲದವನು, ಎಂದು ಇನ್ನೇನು ಕೊಡುತ್ತೇನೆ ಅನ್ನಬೇಕು. ಆಗ ಒಬ್ಬ ಹಿರಿಯ, ಇರಪ್ಪ, ಅದಕ್ಕೆ ಮುಂಚೆ ರೋಮದವನು ಆ ನಿಲುವು ತೋರಿಸಲಿ, ನನ್ನ ಮೊಮ್ಮಗಳಿಗೆ ಹೇಳಬೇಕು ಅಂದ. ಚೊಮ್ಮೊ ಎದ್ದ. ದಂಟು ಹಿಡಿದ. ನನ್ನ ಕಡೆ ಒಂದು ಕಣ್ಣು ಹೊಡೆದ. ಒಂಟಿಕಾಲಲ್ಲಿ ನಿಂತು ಕೆರೆದುಕೊಂಡ.

ತಪ್ಪು. ಎಲ್ಲ ತಪ್ಪು. ಮೊಣಕಾಲು ಕಂಬದ ಹಾಗೆ ನೆಟ್ಟಗಿತ್ತು. ಕಂಕುಳನ್ನು ಮದುವಣಗಿತ್ತಿ ಕೆನ್ನೆ ಮುಟ್ಟಿಕೊಂಡ ಹಾಗೆ ಮುಟ್ಟಿಕೊಳ್ಳುತ್ತಿದ್ದ. ದಂಟನ್ನು ಪಾದ್ರಿ ಶಿಲುಬೆ ಹಿಡಿದ ಹಾಗೆ ಹಿಡಿದಿದ್ದ. ಹಿರಿಯರು ಚಪ್ಪಾಳೆ ತಟ್ಟಿದರು. ಆ ಸುಳ್ಳಿಗೆ, ಆ ಸಪ್ಪೆಗೆ ಚಪ್ಪಾಳೆ. ನೋಡಿ ಕಲಿಯೋ ಟಿಟ್ಟ ಎಂದು ವಸ್ತಿಯಾನೊ ನನ್ನ ಬೆನ್ನು ಗುದ್ದಿದ.

ಹೆಂಡತಿ ಸಿಗುವ ಗಳಿಗೆ ಅದು. ಬುದ್ಧಿ ಇದ್ದವನು ಕೂತಿರುತ್ತಿದ್ದ. ನಾನು ಎದ್ದೆ.

"ಹಾಗಲ್ಲ ಕಣೋ ಕತ್ತೆ," ಅಂದೆ.

ಚೊಮ್ಮೊನ ಕೈಯಿಂದ ದಂಟು ಕಿತ್ತುಕೊಂಡು ಬೆಂಚಿನ ಮೇಲೆ, ಇಬ್ಬರು ಹಿರಿಯರ ನಡುವೆ, ಹತ್ತಿ ನಿಂತೆ. ಮೊಣಕಾಲು ಸಡಿಲ ಬಿಟ್ಟೆ. ಬೆನ್ನು ಬಾಗಿತು, ಸೊಂಟ ತನ್ನಷ್ಟಕ್ಕೆ ತಾನೇ ಹೊರಳಿತು, ಕಾಲು ಮೀನಖಂಡ ಹುಡುಕಿಕೊಂಡು ಹೋಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಒಬ್ಬ ಹಿರಿಯ ಕಿಸಕ್ಕೆಂದ. ಆ ಸದ್ದು ನನ್ನ ಕಿವಿಗೆ ಬಿದ್ದರೆ ಮುಗಿಯಿತು. ಕಾಲನ್ನು ಕಿವಿಯ ಹಿಂದಕ್ಕೆ ಕೊಂಡೊಯ್ದೆ, ಹೆಬ್ಬೆರಳಿನಿಂದ ಕಿವಿ ಕೆರೆದೆ, ಕಡಿದ ದಂಟಿನ ಚೂರನ್ನು ಮೇಲಕ್ಕೆ ಉಗಿದು ಬಾಯಲ್ಲೇ ಹಿಡಿದೆ, ಹಂಡೆಯ ಮೇಲಿಂದ ಲಾಗ ಹಾಕಿ ಈಚೆ ಕಡೆ ಬಂದು ಒಂಟಿಕಾಲಲ್ಲೇ ನಿಂತೆ. ಹಿರಿಯರೆಲ್ಲ ಬೆಂಚು ಅಲುಗುವಂತೆ ನಕ್ಕರು. ಕರ್ಮೊಸೀನಾ ಕಣ್ಣು ಮುಚ್ಚಿಕೊಂಡಳು.

ವಸ್ತಿಯಾನೊ ಗೋಡೆ ನೋಡಿದ. ನನ್ನನ್ನು ನೋಡಿದ. ಮತ್ತೆ ಗೋಡೆ. ಹಗ್ಗ ಹೊಸೆಯುವ ಯಾವ ಮನುಷ್ಯನ ಕಾಲೂ ಕಿವಿ ಮುಟ್ಟುವುದಿಲ್ಲ ಎಂಬುದು ನಿಧಾನವಾಗಿ ಅವನ ತಲೆಯೊಳಗೆ ಇಳಿಯುವುದು ಕಾಣುತ್ತಿತ್ತು. ಆಮೇಲೆ ಹಂಡೆಯಿಂದ ಸೌಟು ಎಳೆದ. ಆವಿ ಆಡುವ ಸೌಟು, ತುದಿಯಲ್ಲಿ ಇನ್ನೂ ಬೋಟಿ ನೇತಾಡುತ್ತಿತ್ತು.

ಓಡಿದೆ. ಓಣಿ ದಾಟಿ ಬಯಲಿಗೆ ಬಿದ್ದೆ, ಹಿಂದೆ ವಸ್ತಿಯಾನೊ, ಅವನ ಹಿಂದೆ ಓಣಿಯ ನಾಯಿಗಳು, ಸೌಟಿನ ಬೋಟಿಗಾಗಿ. ಹಬ್ಬದ ಜನ ಬಯಲಲ್ಲಿ ಇಡಿಕಿರಿದಿದ್ದರು. ಮೊದಲು ದಾರಿ ಬಿಟ್ಟರು, ಆಮೇಲೆ ದುಂಡಗೆ ನಿಂತರು. ವಸ್ತಿಯಾನೊ ಬೀಸಿದ ಸೌಟು ನನಗೆ ತಾಗದೆ ಕಾರಂಜಿಗೆ ತಾಗಿ ಠಣ್ ಅಂದಿತು. ಅವನು ಸೌಟಿನ ಜೊತೆ ಒಂದು ಸುತ್ತು ತಿರುಗಿ, ತನ್ನದೇ ಬೋಟಿಯ ಮೇಲೆ ಜಾರಿ, ನೀರಿನೊಳಗೆ ಕೂತ. ಬಯಲಿಗೆ ಬಯಲೇ ನಕ್ಕಿತು. ಅಂಥ ನಗು ನಮ್ಮ ಮೇಳಕ್ಕೆ ಯಾವತ್ತೂ ಬಿದ್ದಿರಲಿಲ್ಲ. ಕೋಟೆಯ ಗೋಡೆಗೆ ಬಡಿದು ವಾಪಸ್ಸು ಬಂತು.

ನೀರಿನಲ್ಲಿ ಕೂತ ವಸ್ತಿಯಾನೊ ತಲೆ ಎತ್ತಿದ. ಬೈಯಲು ತೆರೆದ ಬಾಯಿ ತೆರೆದೇ ಇತ್ತು. ಯಾರೂ ಅವನಿಗೆ ಹೀಗೆ ನಕ್ಕಿರಲಿಲ್ಲವೇನೋ. ಅವನ ಕಿವಿ ಕೆಂಪಾದದ್ದು ಕೋಪದಿಂದಲ್ಲ, ಜನರನ್ನು ನಗಿಸಿದವನ ಕಿವಿಗೆ ಏರುವ ಆ ಕೆಂಪು ನನಗೆ ಗೊತ್ತು. ಒಬ್ಬ ಸಿಪಾಯಿ ಇನ್ನೊಂದು ಸಲ ಎಂದು ಕೂಗಿದ. ವಸ್ತಿಯಾನೊ ಎದ್ದ, ಟೋಪಿ ಹಿಂಡಿದ, ಸೌಟು ಹುಡುಕಿಕೊಂಡ. ನಾನು ಸುಮ್ಮನೆ ನಿಂತಿದ್ದೆ, ಅವನು ಬರಲಿ ಎಂದು. ಬಂದ. ಈ ಸಲ ಸೌಟನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬೀಸಿದ. ಬೇಕಿಲ್ಲದ ಸುತ್ತುಗಳು. ನಾನು ಬಗ್ಗಿದೆ, ಅದು ನಮ್ಮ ಹಿಂದೆಯೇ ಓಡಿಬಂದಿದ್ದ ಮೇಕೆ ಚರ್ಮದ ಚೊಮ್ಮೊಗೆ ಬಿತ್ತು.

ನಗು ಇಳಿಯುವ ಹೊತ್ತಿಗೆ ಸಂಘದ ಹಿರಿಯರು ಏದುಸಿರು ಬಿಡುತ್ತ ಬಂದರು. ಅಂಗಡಿಯಲ್ಲಿ ನಕ್ಕಿದ್ದನ್ನು ಒರೆಸಿಕೊಂಡು ಮತ್ತೆ ಗಂಟುಮುಖ ಹಾಕಿಕೊಂಡಿದ್ದರು. ಸಂಘದ ಯಜಮಾನ ಬಯಲನ್ನು ನೋಡಿದ, ಒದ್ದೆಯಾದ ವಸ್ತಿಯಾನೊನನ್ನು ನೋಡಿದ. ಹೆಣ ಹೊರುವ ಸದಸ್ಯನೊಬ್ಬ ಆಟದವನ ಜೊತೆ ಸೇರಿ ಹಬ್ಬದ ದಿನ ಬೀದಿಯಲ್ಲಿ ಆಟ ಕಟ್ಟಿದರೆ ಸಂಘ ಏನು ಮಾಡಬೇಕಾಗುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ವಸ್ತಿಯಾನೊ ಬಿಳಿಚಿಕೊಂಡ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕರ್ಮೊಸೀನಾ ಅಷ್ಟರಲ್ಲಿ ಓಡಿ ಬಂದಿದ್ದಳು. ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ, ಯಜಮಾನನ ಕಡೆ ತಿರುಗಿದ.

"ಆಟ ಯಾವನು ಆಡ್ದ?" ಅಂದ. "ಇವನು ನನ್ನ ಅಳಿಯ. ನಾಲ್ಕು ಕಾಸಿಗೆ ಪ್ರಯೋಜನ ಇಲ್ಲದ ಅಳಿಯ. ಹಗ್ಗ ಹೊಸೀತೀನಿ ಅಂತ ಸುಳ್ಳು ಹೇಳ್ದ. ಮಾವ ಆದವನು ಅಳಿಯನ್ನ ಅಟ್ಟಿಸ್ಕೊಂಡು ಹೊಡೆಯೋದು ಯಾವ ಸಂಘದಲ್ಲಿ ತಪ್ಪು, ಹೇಳಿ ನೋಡೋಣ."

ಯಜಮಾನನಿಗೂ ಅಳಿಯಂದಿರಿದ್ದರು. ಬೆಂಚಿನ ಮೇಲೆ ನಕ್ಕಿದ್ದ ಹಿರಿಯ, ಅದೇನೋ ನಿಜ, ಮನೆಯ ವಿಷಯ ಎಂದು ಗೊಣಗಿದ. ಬೇರೆಯವರೂ ಗೊಣಗಿದರು. ಹಿರಿಯರ ಎದುರು, ಊರಿನ ಎದುರು, ಬಾಯಿ ಬಿಟ್ಟು ಅಳಿಯ ಅಂದಾಗಿತ್ತು. ಇನ್ನು ಹಿಂದಕ್ಕೆ ತೆಗೆದುಕೊಂಡರೆ ಅವನು ಅಟ್ಟಿಸಿಕೊಂಡು ಬಂದದ್ದು ಬರೀ ಒಬ್ಬ ಆಟದವನನ್ನು ಎಂದಾಗಿ, ಸಂಘವೂ ಕೈಬಿಟ್ಟು ಹೋಗುತ್ತಿತ್ತು.

ಕರ್ಮೊಸೀನಾ ಅಪ್ಪನ ಕೈಯಿಂದ ಸೌಟು ತೆಗೆದುಕೊಂಡಳು. ಹಂಡೆ ಸೀದು ಹೋಗುತ್ತಿದೆ ಎಂದು ಹೇಳಿ ಓಣಿಯ ಕಡೆ ನಡೆದಳು. ನಾನು ಅವಳ ಹಿಂದೆ ಹೊರಟೆ. ವಸ್ತಿಯಾನೊ ನನ್ನ ಅಂಗಿಯ ಕತ್ತುಪಟ್ಟಿ ಹಿಡಿದು ನಿಲ್ಲಿಸಿದ, ಹಿರಿಯರು ದೂರ ಹೋಗುವವರೆಗೆ ಕಾದ, ಕಿವಿಯ ಹತ್ತಿರ ಬಾಗಿದ.

"ಆ ಸೌಟು ತಿರುಗಿಸಿದ್ನಲ್ಲ ಮೇಲೆ," ಅಂದ, "ಅದು ಎರಡು ಸುತ್ತು ಸಾಕಾ, ಮೂರು ಹಾಕ್ಬೇಕಿತ್ತಾ?"

"ಎರಡು ಸಾಕು ಮಾವ," ಅಂದೆ. "ಮೂರಾದ್ರೆ ಏಟು ತಪ್ಪುತ್ತೆ ಅಂತ ನೋಡೋರಿಗೆ ಮೊದಲೇ ಗೊತ್ತಾಗ್ಬಿಡುತ್ತೆ."